ದಿನನಿತ್ಯದ ಕಲಿಕೆಗೆ ಸಾಮಾಜಿಕ ಜಾಲತಾಣ

(ಬಾಣಾವರದಲ್ಲಿ ನಡೆದ ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಮಾಜಿಕ ಜಾಲತಾಣಗಳ ಬಗ್ಗೆ ಎರಡು ಮಾತುಗಳನ್ನು ನಾವು ದಿನವೂ ಕೇಳುತ್ತೇವೆ. ಮೊಬೈಲಿನಿಂದ ಮಕ್ಕಳು ಕೆಟ್ಟರು ಎನ್ನುವವರು ಒಂದು ಕಡೆ. ಎಲ್ಲ ಪಾಠವೂ ಮೊಬೈಲಿನಲ್ಲೇ ಇದೆ ಎನ್ನುವವರು ಇನ್ನೊಂದು ಕಡೆ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ಕೆಲಸ ನನ್ನದು. ಹಾಗಾಗಿ ನನಗೆ ಏಳುವ ಪ್ರಶ್ನೆ ಸ್ವಲ್ಪ ಬೇರೆ. ಮಗು ಮೊಬೈಲನ್ನು ಎಷ್ಟು ಹೊತ್ತು ನೋಡಿತು ಎಂದು ಕೇಳುವ ನಾವು, ಅದರಲ್ಲಿ ಏನು ಬರೆಯಿತು ಎಂದು ಕೇಳುವುದೇ ಇಲ್ಲ. ನೋಡಿದ್ದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ: ಜಾಲತಾಣವನ್ನು ನೋಡುವ ಪರದೆಯಾಗಿ ಅಲ್ಲ, ಬರೆಯುವ ಸ್ಲೇಟಾಗಿ ಬಳಸೋಣ.

ಮೊದಲು ನಮ್ಮ ಮಕ್ಕಳ ಬರವಣಿಗೆ ಎಲ್ಲಿಗೆ ಬಂದಿದೆ ಎಂದು ನೋಡೋಣ. ಮನೆಯಲ್ಲಿ ಉರ್ದು, ಅಂಗಡಿ ಬೀದಿಯಲ್ಲಿ ಕನ್ನಡ. ಆದರೆ ವಾಟ್ಸಾಪಿನಲ್ಲಿ ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಇದರಿಂದ ನಷ್ಟವೇನು? ಕನ್ನಡದ 'ಬೆಲೆ' ಮತ್ತು 'ಬೆಳೆ' ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಆಗಿಬಿಡುತ್ತವೆ. ತೆಂಗು, ಕೊಬ್ಬರಿಯನ್ನು ನಂಬಿದ ಅರಸೀಕೆರೆ ಸೀಮೆಯ ರೈತನಿಗೆ ಆ ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 'ಹಾಲು' ಮತ್ತು 'ಹಾಳು' ಪದಗಳ ಕಥೆಯೂ ಇದೇ. ಉರ್ದುವಿನಲ್ಲಿ 'ಜ' ಎಂದು ಹೆಚ್ಚುಕಡಿಮೆ ಒಂದೇ ರೀತಿ ಉಚ್ಚರಿಸುವ ನಾಲ್ಕು ಅಕ್ಷರಗಳಿವೆ: ಜಾಲ್, ಜೇ, ಜ್ವಾದ್, ಜೋಯ್. ಕಾಗಜ್ ಪದಕ್ಕೆ ಜಾಲ್, ಜಮೀನ್ ಪದಕ್ಕೆ ಜೇ, ಹಾಜಿರ್ ಪದಕ್ಕೆ ಜ್ವಾದ್, ಜಾಹಿರ್ ಪದಕ್ಕೆ ಜೋಯ್. ಇಂಗ್ಲಿಷಿನ ಒಂದೇ ಅಕ್ಷರದಲ್ಲಿ ನಾಲ್ಕನ್ನೂ ಮುಗಿಸುವ ಮಗು, ಪರೀಕ್ಷೆಯ ಹಾಳೆಯ ಮುಂದೆ ಪೆನ್ನು ಹಿಡಿದು ತಡವರಿಸದೆ ಏನು ಮಾಡೀತು?

ಇದಕ್ಕೆ ಖರ್ಚಿಲ್ಲದ ಪರಿಹಾರವಿದೆ. ಸ್ಮಾರ್ಟ್‌ಫೋನಿನ ಕೀಬೋರ್ಡಿಗೆ ಕನ್ನಡವನ್ನೂ ಉರ್ದುವನ್ನೂ ಸೇರಿಸಿಕೊಳ್ಳಬಹುದು. ಅನಂತರ ತರಗತಿಗೊಂದು ವಾಟ್ಸಾಪ್ ಗುಂಪು ಸಾಕು. ದಿನಕ್ಕೆ ಒಂದು ಪದ, ಆ ಪದವಿರುವ ಒಂದು ಸ್ವಂತ ವಾಕ್ಯ. ಅದು ಆಯಾ ಲಿಪಿಯಲ್ಲೇ ಇರಬೇಕು. 'ರಜಾ ಅರ್ಜಿ' ಎಂದು ನಾವು ಶಾಲೆಯಲ್ಲಿ ದಿನವೂ ಹೇಳುತ್ತೇವೆ. ಎರಡೂ ಪದಗಳು ಉರ್ದುವಿನಲ್ಲೂ ಇವೆ, ಎರಡಕ್ಕೂ ಜ್ವಾದ್ ಅಕ್ಷರವೇ. ಉರ್ದುವಿನಲ್ಲಿ ರಜಾ ಎಂದರೆ ಒಪ್ಪಿಗೆ. ಕನ್ನಡದಲ್ಲಿ ಅದು ಬಿಡುವು ಆಗಿದೆ. ಕಾಗಜ್ ಕನ್ನಡದಲ್ಲಿ ಕಾಗದವಾಗಿದೆ. ಹೀಗೆ ಹೋಲಿಸಿ ಬರೆಯುವ ಮಗುವಿಗೆ ಕನ್ನಡ ಹೊರಗಿನವರ ಭಾಷೆ ಎನಿಸುವುದಿಲ್ಲ. ಕನ್ನಡ ಮನೆಯ ಮಗುವಿಗೂ ತಾನು ಆಡುವ ಹಾಜರಿ, ವಕೀಲ, ಜಮೀನು ಎಲ್ಲಿಂದ ಬಂದವು ಎಂದು ತಿಳಿಯುತ್ತದೆ.

ಅರ್ಥ ಹುಡುಕಲು ಉಚಿತ ಸಾಧನಗಳೂ ಇವೆ. ಉರ್ದು ಸಾಹಿತ್ಯಕ್ಕೆ 2013ರಲ್ಲಿ ಆರಂಭವಾದ ರೇಖ್ತಾ ಜಾಲತಾಣವಿದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಕನ್ನಡ ವಿಕಿಪೀಡಿಯ 2003ರಲ್ಲಿ ಪ್ರಾರಂಭವಾಯಿತು; ಅದನ್ನು ಓದುವುದಷ್ಟೇ ಅಲ್ಲ, ತಿದ್ದಿ ಬೆಳೆಸಲೂಬಹುದು.

ಇತಿಹಾಸ ಪಾಠಕ್ಕೂ ಇದೇ ದಾರಿ. ನಮ್ಮ ಪಕ್ಕದ ಬೇಲೂರು, ಹಳೇಬೀಡುಗಳ ದೇವಾಲಯಗಳು, ಸೋಮನಾಥಪುರದ ದೇವಾಲಯದ ಜೊತೆಗೆ, 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಸುದ್ದಿಯನ್ನು ಎಲ್ಲರಿಗೂ ಕಳುಹಿಸುವುದು ಸುಲಭ. ಅದಕ್ಕಿಂತ, ನಿಮ್ಮ ಊರಿನ ಒಂದು ವೀರಗಲ್ಲಿನ ಅಥವಾ ಶಾಸನದ ಚಿತ್ರ ತೆಗೆದು, ಅದರ ಬಗ್ಗೆ ಐದು ವಾಕ್ಯ ಬರೆದು ಗುಂಪಿಗೆ ಹಾಕಿ. ಹಾಸನ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದರು. ಆ ಗ್ರಂಥ ಇಂದು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ದೊರೆಯುತ್ತದೆ. ನಮ್ಮ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ.

ಈಗ ಒಂದು ಎಚ್ಚರಿಕೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ, ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ತಿಳಿದು ಜನ ಹೊಡೆದು ಕೊಂದರು. ಅವನ ಜೊತೆಗಾರರು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತ್ತು. ಭಾರತದಲ್ಲಿ ಇಂತಹ ಕೊಲೆಗಳು ಸಾಲಾಗಿ ನಡೆದ ಮೇಲೆ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ರವಾನಿಸದಂತೆ ಆ ಕಂಪನಿ ಅದೇ ತಿಂಗಳು ಮಿತಿ ಹಾಕಿತು. ಆದರೆ ನಿಜವಾದ ಮಿತಿ ಇರಬೇಕಾದದ್ದು ನಮ್ಮ ಬೆರಳಿನಲ್ಲಿ. ಇದನ್ನು ಬರೆದವರು ಯಾರು? ಯಾವಾಗ ಬರೆದದ್ದು? ಇನ್ನೆಲ್ಲಾದರೂ ಖಚಿತವಾಗಿದೆಯೇ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ್ದನ್ನು ಮುಂದಕ್ಕೆ ಕಳುಹಿಸಬೇಡಿ. ಹೀಗೆ ಕೇಳುವುದೂ ಒಂದು ವಿದ್ಯೆಯೇ.

ಕೊನೆಯದಾಗಿ ತಂದೆ ತಾಯಿಯರಲ್ಲಿ ಒಂದು ಮಾತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಸರ್ಕಾರ ವಿದ್ಯಾಗಮ ಕಾರ್ಯಕ್ರಮ ತಂದಿತು. ಆಗ ಮಕ್ಕಳನ್ನು ಮೂರು ಗುಂಪು ಮಾಡಬೇಕಾಯಿತು: ಮೊಬೈಲೇ ಇಲ್ಲದವರು, ಸಾಧಾರಣ ಮೊಬೈಲ್ ಇರುವವರು, ಇಂಟರ್ನೆಟ್ ಇರುವ ಫೋನ್ ಉಳ್ಳವರು. ಆ ಪಟ್ಟಿಯಲ್ಲಿ ಕಾಣದ ನಾಲ್ಕನೆಯ ಗುಂಪೊಂದಿದೆ: ಮನೆಯಲ್ಲಿ ಫೋನ್ ಇದ್ದೂ ಕೈಗೆ ಸಿಗದವರು. ಅವರಲ್ಲಿ ಹೆಚ್ಚಿನವರು ನಮ್ಮ ಹೆಣ್ಣುಮಕ್ಕಳು. ಫೋನ್ ಹಗಲೆಲ್ಲ ಅಬ್ಬಾ ಜೊತೆ ಕೆಲಸಕ್ಕೆ ಹೋಗುತ್ತದೆ, ಸಂಜೆ ಅಣ್ಣನ ಕೈಗೆ ಬರುತ್ತದೆ. ಮಗಳ ಸರದಿ ಬರುವ ಹೊತ್ತಿಗೆ ಡೇಟಾ ಮುಗಿದಿರುತ್ತದೆ ಅಥವಾ ಚಾರ್ಜು.

ನಿಮ್ಮ ಅಂಜಿಕೆ ನನಗೆ ಅರ್ಥವಾಗುತ್ತದೆ, ಅದರಲ್ಲಿ ಹುರುಳೂ ಇದೆ. ಗುಂಪಿನಲ್ಲಿ ಸೇರಿದವರ ನಂಬರು ಉಳಿದವರಿಗೆಲ್ಲ ಕಾಣುತ್ತದೆ. ಆದ್ದರಿಂದ ತರಗತಿಯ ಗುಂಪಿನಲ್ಲಿ ತಾಯಿಯ ಅಥವಾ ತಂದೆಯ ನಂಬರೇ ಇರಲಿ, ಮಕ್ಕಳ ಫೋಟೋ ಬೇಡ. ಪರಿಚಯವಿಲ್ಲದವರು ಗುಂಪಿಗೆ ಸೇರಿಸದಂತೆ ಸೆಟ್ಟಿಂಗ್ ಬದಲಿಸಿ. ಮಗಳ ಪಕ್ಕದಲ್ಲೇ ಕುಳಿತುಕೊಳ್ಳಿ. ಆದರೆ ದಿನಕ್ಕೆ ಅರ್ಧ ಗಂಟೆ ಫೋನ್ ಅವಳದ್ದಾಗಿರಲಿ. ಅವಳು ಬರೆದ ವಾಕ್ಯವನ್ನು ಅಮ್ಮಿ ಗಟ್ಟಿಯಾಗಿ ಓದಲಿ. ಅಮ್ಮಿಗೆ ಓದು ಬಾರದಿದ್ದರೆ ಮಗಳೇ ಓದಿ ಹೇಳಲಿ. ಆಗ ಕಲಿಯುವವರು ಇಬ್ಬರಾಗುತ್ತಾರೆ.

ಫೋನೇ ಇಲ್ಲದ ಮನೆಗಳ ಮಕ್ಕಳನ್ನು ಬಿಟ್ಟು ನಾವು ಮುಂದೆ ಹೋಗುವಂತಿಲ್ಲ. ಸಂಜೆ ಎರಡು ಗಂಟೆ ತೆರೆದಿರುವ ಒಂದು ಕೋಣೆ, ಅಲ್ಲಿ ಒಂದೆರಡು ಫೋನು ಅಥವಾ ಕಂಪ್ಯೂಟರು, ಜೊತೆಗೆ ಹಿರಿಯರೊಬ್ಬರು ಇರುವಂತೆ ಏರ್ಪಾಡು ಮಾಡಬೇಕೆಂದು ಸಂಸ್ಥೆಯ ಪದಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಅಲ್ಲಿ ದಿನದ ಪದವನ್ನು ಕರಿಹಲಗೆಯ ಮೇಲೆ ಬರೆದರೂ ಸಾಕು. ಮೊಬೈಲ್ ಒಂದು ಸಾಧನ. ಕಲಿಕೆ ನಡೆಯಬೇಕಾದದ್ದು ಮಗುವಿನ ಕೈಯಲ್ಲಿ.

ವಿದ್ಯಾರ್ಥಿಗಳೇ, ಇಂದು ರಾತ್ರಿಯೇ ಒಂದು ವಾಕ್ಯ ಬರೆದು ಕಳುಹಿಸಿ. ತಪ್ಪಿದ್ದರೆ ತಿದ್ದೋಣ.