ಪರದೇಶದಲ್ಲಿ ಸೇವೆಯ ದಿನಗಳು

ಪರರ ಕಷ್ಟಕಾಲದಲ್ಲಿ ನೆರವಾಗಬೇಕೆಂದು ಕಡಲು ದಾಟಿ ಹೋಗುವವರನ್ನು ಜನ ಹಾರ ಹಾಕಿ ಬೀಳ್ಕೊಡುತ್ತಾರೆ. ಹಿಂದಿರುಗಿದಾಗ ಮತ್ತೆ ಹಾರ ಹಾಕಿ ಬರಮಾಡಿಕೊಳ್ಳುತ್ತಾರೆ. ನಡುವಣ ದಿನಗಳಲ್ಲಿ ಅವರು ಏನು ಉಂಡರು, ಎಲ್ಲಿ ಮಲಗಿದರು, ಯಾವ ಮಾತನ್ನಾಡಿದರು ಎಂದು ವಿಚಾರಿಸುವವರು ಕಡಮೆ. ಆದರೆ ಸ್ವಯಂಸೇವಕನ ನಿಜವಾದ ಪರೀಕ್ಷೆ ನಡೆಯತಕ್ಕದ್ದು ಆ ದಿನಗಳಲ್ಲಿಯೇ. ಇದಕ್ಕೆ ನಿದರ್ಶನವಾಗಿ, ಚೀನಾ ದೇಶದಲ್ಲಿ ನಾಲ್ಕು ವರ್ಷಕ್ಕೂ ಮೀರಿ ದುಡಿದು ಅಲ್ಲಿಯೇ ಮಡಿದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸರ ಬಾಳನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕೋಟ್ನಿಸರು ಹುಟ್ಟಿದ್ದು ೧೯೧೦ರಲ್ಲಿ, ಮರಾಠಿಯೊಡನೆ ಕನ್ನಡವೂ ತೆಲುಗೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದಲ್ಲಿ. ವೈದ್ಯಶಾಸ್ತ್ರವನ್ನು ಕಲಿತದ್ದು ಮುಂಬಯಿಯಲ್ಲಿ. ೧೯೩೭ರಲ್ಲಿ ಜಪಾನು ಚೀನಾದ ಮೇಲೆ ಪೂರ್ಣಯುದ್ಧವನ್ನು ಹೂಡಲು, ಚೀನೀ ಸೇನಾನಿ ಚೂ ತೇ ಅವರು ಜವಾಹರಲಾಲ ನೆಹರೂರವರಿಗೆ ಪತ್ರ ಬರೆದು ನೆರವನ್ನು ಕೋರಿದರು. ಕಾಂಗ್ರೆಸ್ಸು ಐವರು ವೈದ್ಯರನ್ನು ಕಳುಹಿಸಿತು: ಅಟಲ್, ಚೋಳ್ಕರ್, ಬಸು, ಮುಖರ್ಜಿ, ಕೋಟ್ನಿಸ್. ೧೯೩೮ರ ಸೆಪ್ಟೆಂಬರಿನಲ್ಲಿ ಮುಂಬಯಿಯನ್ನು ಬಿಟ್ಟ ಇವರು ಯೆನಾನ್ ನಗರವನ್ನು ಸೇರಿದ್ದು ಮರುವರ್ಷದ ಫೆಬ್ರವರಿಯಲ್ಲಿ. ಅಷ್ಟರೊಳಗೆ ಕೋಟ್ನಿಸರಿಗೆ ತಂದೆಯವರು ತೀರಿಕೊಂಡ ಸುದ್ದಿ ಬಂದಿತ್ತು. ಹಿಂದಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಹಿಂದಿರುಗಲಿಲ್ಲ.

ಯೆನಾನಿನ ಸುತ್ತಲೂ ಹಳದಿ ಮಣ್ಣಿನ ಗುಡ್ಡಗಳು. ಆ ಗುಡ್ಡಗಳ ಮಗ್ಗುಲಲ್ಲಿ ಕೊರೆದ ಗುಹೆಗಳೇ ಮನೆ, ಅವೇ ಆಸ್ಪತ್ರೆ. ಉತ್ತರ ಚೀನಾದ ಹಳ್ಳಿಗಳಲ್ಲಿ ಆಗ ಮಲಗುವುದಕ್ಕೆ ಮಂಚವಿರಲಿಲ್ಲ. ಇಟ್ಟಿಗೆ ಮಣ್ಣುಗಳಿಂದ ಕಟ್ಟಿದ, ಕಾಂಗ್ ಎಂಬ ಜಗಲಿಯಿತ್ತು. ಒಲೆಯ ಹೊಗೆ ಅದರೊಳಗೆ ಹಾಯ್ದು ಅದನ್ನು ಬೆಚ್ಚಗಿಡುತ್ತಿತ್ತು. ಚಳಿಗಾಲದ ಉಡುಪೆಂದರೆ ಹತ್ತಿ ತುಂಬಿ ಹೊಲಿದ ಅಂಗಿ. ಇನ್ನು ಊಟವೋ, ನವಣೆಯದು. ನಮ್ಮ ಬಯಲುಸೀಮೆಯವರು ಬಲ್ಲ ಆ ನವಣೆಯೇ ಅಲ್ಲಿಯ ಬಡವರಿಗೂ ಆಗ ಆಧಾರವಾಗಿತ್ತು. ಉಪ್ಪು ಹುಳಿ ಖಾರಗಳಿಗೆ ಪಳಗಿದ ನಾಲಗೆಗೆ ದಿನಂಪ್ರತಿ ಅದರ ಗಂಜಿ ಎಷ್ಟು ಸಪ್ಪೆಯಾಗಿ ತೋರೀತೆಂಬುದನ್ನು ಶ್ರೋತೃಗಳು ಊಹಿಸಬಹುದು. ಒಂದು ದಿನ ಹಾಗೆ ಉಣ್ಣುವುದು ಸಾಹಸವೇನಲ್ಲ. ಮೂರು ವರ್ಷ ಗೊಣಗದೆ ಉಣ್ಣುವುದು ತಪಸ್ಸು.

೧೯೩೯ರ ಕೊನೆಯಲ್ಲಿ ಕೋಟ್ನಿಸರು ಯುದ್ಧರಂಗಕ್ಕೆ ಸಮೀಪವಾದ ಪರ್ವತಪ್ರದೇಶದತ್ತ ಹೊರಟರು. ಅಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ವೈದ್ಯ ನಾರ್ಮನ್ ಬೆಥೂನರು ಆ ನವೆಂಬರಿನಲ್ಲಿ, ಶಸ್ತ್ರಕ್ರಿಯೆಯ ವೇಳೆ ಬೆರಳಿಗೆ ಆದ ಗಾಯ ನಂಜೇರಿ, ಕಾಲವಾಗಿದ್ದರು. ಅವರ ಹೆಸರಿನ ಆಸ್ಪತ್ರೆಗೆ ೧೯೪೧ರ ಜನವರಿಯಲ್ಲಿ ಕೋಟ್ನಿಸರೇ ಮುಖ್ಯಸ್ಥರಾದರು. ಆಸ್ಪತ್ರೆಯೆಂದೊಡನೆ ಕಲ್ಲಿನ ಕಟ್ಟಡವನ್ನು ನೆನೆಯಬಾರದು. ರೈತರ ಮನೆಗಳಲ್ಲಿಯೇ ಗಾಯಾಳುಗಳು ಮಲಗುತ್ತಿದ್ದರು. ಶತ್ರುಗಳ ದಿಗ್ಬಂಧನದಿಂದ ಔಷಧಕ್ಕೆ ಸದಾ ಅಭಾವ. ಸೈನ್ಯ ಸಮೀಪಿಸಿತೆಂದರೆ ರೋಗಿಗಳನ್ನೂ ಉಪಕರಣಗಳನ್ನೂ ಹೊತ್ತು ಬೇರೊಂದು ಹಳ್ಳಿಗೆ ಸಾಗಬೇಕು.

ಇವೆಲ್ಲಕ್ಕಿಂತ ಹೆಚ್ಚಿನದಾಗಿ ನನಗೆ ತೋರುವುದು ಅವರ ಭಾಷಾಭ್ಯಾಸ. ದುಭಾಷಿಯ ಮೂಲಕ ವೈದ್ಯನು ನೋವು ಎಲ್ಲಿದೆಯೆಂದು ಕೇಳಬಲ್ಲನು. ಸಾಯುವವನ ಕೊನೆಯ ಮಾತನ್ನು ಕೇಳಲಾರನು. ಕೋಟ್ನಿಸರು ಚೀನೀ ಭಾಷೆಯನ್ನು ಆಡಲು, ಓದಲು, ಬರೆಯಲು ಕಲಿತರು. ಅದರಲ್ಲಿಯೇ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಶಸ್ತ್ರವೈದ್ಯದ ಪಠ್ಯವನ್ನೂ ರಚಿಸತೊಡಗಿದರು. ತಾನೊಬ್ಬನೇ ನೂರು ಗಾಯಗಳನ್ನು ಕಟ್ಟುವುದು ದೊಡ್ಡದು. ತಾನಿಲ್ಲದಾಗ ಕಟ್ಟಬಲ್ಲವರನ್ನು ತಯಾರುಮಾಡುವುದು ಇನ್ನೂ ದೊಡ್ಡದು. ಸಹಾಯಕನು ಅತಿಥಿಯಾಗಿರುವವರೆಗೆ ಆತಿಥೇಯರಿಗೆ ಒಂದು ಹೊರೆಯೇ. ಅವನು ಮನೆಯವನಾದಾಗಲೇ ಹೊರೆ ಹೊರುವವನಾಗುತ್ತಾನೆ.

೧೯೪೧ರಲ್ಲಿ ಅವರು ಶುಶ್ರೂಷಾವಿದ್ಯೆಯನ್ನು ಕಲಿಸುತ್ತಿದ್ದ ಗುವೋ ಚಿಂಗ್‌ಲಾನ್ ಎಂಬಾಕೆಯನ್ನು ವಿವಾಹವಾದರು. ಮರುವರ್ಷ ಹುಟ್ಟಿದ ಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಯಿನ್ ಎಂದರೆ ಭಾರತ, ಹುವಾ ಎಂದರೆ ಚೀನಾ. ಆ ವೇಳೆಗೆ ಕೋಟ್ನಿಸರನ್ನು ಅಪಸ್ಮಾರ ಹಿಡಿದಿತ್ತು. ಚಿಕಿತ್ಸೆಗಾಗಿ ಬೇರೆಡೆಗೆ ಹೋಗಬೇಕೆಂಬ ಸಲಹೆ ಬಂದರೂ ಅವರು ಕೆಲಸವನ್ನು ಬಿಡಲಿಲ್ಲ. ೧೯೪೨ನೆಯ ಡಿಸೆಂಬರ್ ೯ರಂದು, ಮೂವತ್ತೆರಡನೆಯ ವಯಸ್ಸಿನಲ್ಲಿ, ದೇಹವನ್ನು ಬಿಟ್ಟರು. ಮಗುವಿಗೆ ಆಗ ಕೆಲವೇ ತಿಂಗಳು.

ಇಂಥ ಸೇವೆಯನ್ನು ಹೊಗಳುವಾಗ ಅದರ ಬೆಲೆಯನ್ನು ಮರೆಯಲಾಗದು. ಆ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಸೊಲ್ಲಾಪುರದ ಮನೆಯವರೂ, ಚೀನಾದ ಪತ್ನೀಪುತ್ರರೂ ತೆತ್ತರು. ಹೋಗುವವನು ತನ್ನದನ್ನು ಮಾತ್ರವೇ ಅಲ್ಲ, ತನ್ನವರದನ್ನೂ ಕೊಟ್ಟು ಹೋಗುತ್ತಾನೆ. ಇದನ್ನು ತಿಳಿದು ಹೊರಡತಕ್ಕದ್ದು, ತಿಳಿದು ಕಳುಹತಕ್ಕದ್ದು.

ಇಂದು ಅವರ ಸಮಾಧಿ ಷೀಜ್ಯಾಜ್ವಾಂಗ್ ನಗರದಲ್ಲಿದೆ. ಅವರ ಕಥೆಯನ್ನು ಶಾಂತಾರಾಮರು ೧೯೪೬ರಲ್ಲಿ ಚಲಚ್ಚಿತ್ರವಾಗಿ ತೋರಿಸಿದರು. ಆದರೆ ಚಿತ್ರದಲ್ಲಿಯೂ ಶಿಲೆಯಲ್ಲಿಯೂ ಹಿಡಿಸದ ಒಂದು ಭಾಗವುಂಟು: ಬೆಳಗಾಗೆದ್ದು ಅದೇ ಗಂಜಿಯನ್ನು ಕುಡಿದು, ಅದೇ ಕಠಿನಾಕ್ಷರಗಳನ್ನು ತಿದ್ದಿ, ಅದೇ ಗಾಯಗಳನ್ನು ತೊಳೆದು ಕಳೆದ ಸಾವಿರಾರು ಸಾಧಾರಣ ದಿನಗಳು. ಸೇವೆಯೆಂಬುದು ಮುಖ್ಯವಾಗಿ ಅವುಗಳ ಹೆಸರು.