ಮೂರು ಫೋನು, ಒಂದು ಕೋಲಾಟ

ಮಕ್ಕಳೇ, ಅಶೋಕಪುರಂ ರೈಲ್ವೆ ಸ್ಟೇಷನ್ನಿನ ಹತ್ತಿರದ ಬಯಲಲ್ಲಿ ನಮ್ಮ ಬೀದಿಯ ಚಿಳ್ಳೆಪಿಳ್ಳೆಗಳೆಲ್ಲ ಸೇರಿ ಕೋಲಾಟ ಆಡಿದವು. ಮೂರು ಮನೆಯವರು ಫೋನಿನಲ್ಲಿ ವಿಡಿಯೋ ಮಾಡಿದರು. ಒಂದು ಫೋನು ಆಟದ ಪಕ್ಕದಲ್ಲೇ ಇಟ್ಟಿಗೆಗೆ ಒರಗಿತ್ತು, ಇನ್ನೊಂದು ಮಹಡಿಯ ಮೇಲಿತ್ತು, ಮತ್ತೊಂದು ದೂರದ ಕಾಂಪೌಂಡ್ ಗೋಡೆಯ ಮೇಲೆ. ಮಾರನೇ ದಿನ ಮೂರನ್ನೂ ತಂದು, "ತಾತ, ಎಲ್ಲಾ ಸೇರಿಸಿ ಒಂದು ಮಾಡಿಕೊಡಿ" ಅಂದರು.

ಸೇರಿಸುವುದೆಂದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವುದಲ್ಲ. ಒಮ್ಮೆ ಹತ್ತಿರದಿಂದ ಕಾಲ್ಗೆಜ್ಜೆ ಕಾಣಬೇಕು, ಒಮ್ಮೆ ಮಹಡಿಯಿಂದ ಇಡೀ ಸುತ್ತು ಕಾಣಬೇಕು, ಹಾಡು ಮಾತ್ರ ಎಲ್ಲೂ ತುಂಡಾಗಬಾರದು. ದಸರೆಯ ಜಂಬೂಸವಾರಿಯನ್ನು ಟಿವಿಯಲ್ಲಿ ನೋಡಿದ್ದೀರಲ್ಲ? ಅಂಬಾರಿ ಒಮ್ಮೆ ಎದುರಿನಿಂದ, ಒಮ್ಮೆ ಮೇಲಿನಿಂದ ಕಾಣುತ್ತೆ. ಹಾಗೆ.

ವಿಡಿಯೋ ಅಂದರೆ ನಿಜಕ್ಕೂ ಓಡುವ ಚಿತ್ರವಲ್ಲ, ಸುಮ್ಮನೆ ನಿಂತ ಫೋಟೋಗಳ ಕಟ್ಟು. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಗೊಂಬೆ ಬರೆದು ಸರ್ರನೆ ಹಾಳೆ ಬಿಟ್ಟರೆ ಗೊಂಬೆ ಕುಣಿಯುತ್ತದಲ್ಲ, ಅದೇ ಆಟ. ನಮ್ಮ ಫೋನುಗಳು ಸೆಕೆಂಡಿಗೆ 30 ಫೋಟೋ ಹಿಡಿದಿದ್ದವು.

ಈಗ ಮೂರು ನೋಟ್‌ಬುಕ್ ಇವೆ ಅಂದುಕೊಳ್ಳಿ. ಮೂರೂ ಫೋನು ಒಂದೇ ಗಳಿಗೆಗೆ ಶುರುವಾಗಿರಲಿಲ್ಲ. ಹಾಗಾಗಿ ಇದರ ಹತ್ತನೇ ಪುಟ ಅದರ ನಾನೂರನೇ ಪುಟ ಆಗಿರಬಹುದು. ಒಂದೇ ಕ್ಷಣದ ಪುಟ ಮೂರರಲ್ಲೂ ಎಲ್ಲಿದೆ? ಅದನ್ನು ಹುಡುಕುವುದೇ ದೊಡ್ಡ ಕೆಲಸ, ಉಳಿದದ್ದು ಕತ್ತರಿ ಆಡಿಸಿದಷ್ಟೇ ಸಲೀಸು.

ಸಿನಿಮಾದವರು ಇದಕ್ಕಾಗಿಯೇ ಶುರುವಿನಲ್ಲಿ ಕ್ಲ್ಯಾಪ್ ಹೊಡೆಯುತ್ತಾರೆ. ಹಲಗೆ ಕೂಡಿದ ಫೋಟೋ, 'ಟಪ್' ಸದ್ದು, ಎರಡೂ ಗುರುತು. ನಮ್ಮಲ್ಲಿ ಕ್ಲ್ಯಾಪ್ ಇಲ್ಲದಿದ್ದರೇನು, ಕೋಲುಗಳೇ ಟಕ್ ಟಕ್ ಅನ್ನುತ್ತವಲ್ಲ! ಖುಷಿಯಿಂದ ಕೂತೆ. ಕೂತ ಮೇಲೆ ತಲೆ ಕೆಟ್ಟಿತು. ಟಕ್ ಒಂದಲ್ಲ, ನೂರಾರು. ಎಲ್ಲಾ ಅವಳಿ ಜವಳಿ.

ಕಾಪಾಡಿದ್ದು ರೈಲು! ಹಾಡಿನ ನಡುವೆ ಚಾಮರಾಜನಗರದ ಕಡೆಯ ಗಾಡಿ ಜೋರಾಗಿ ಹಾರನ್ ಮಾಡಿತ್ತು. ಅದು ಮೂರು ಫೋನಲ್ಲೂ ಇತ್ತು, ಒಂದೇ ಒಂದು ಸಲ. ಹಾರನ್ ಮೆಲ್ಲಗೆ ಏರುವ ಸದ್ದು, ಅದರಿಂದ ಪುಟ ಸರಿಯಾಗಿ ಸಿಗದು. ಆದರೆ ಅದರ ಪಕ್ಕದ ಟಕ್ ಯಾವುದೆಂದು ತಿಳಿಯಿತು. ಮೊದಲು ಬೀದಿ, ಆಮೇಲೆ ಮನೆ ಬಾಗಿಲು.

ಸದ್ದಿಗೆ ಸದ್ದು ಜೋಡಿಸಿದೆ. ಆದರೂ ದೂರದ ಫೋನಿನ ಕುಣಿತ ಸ್ವಲ್ಪ ಮುಂದಾಗಿಯೇ ಇತ್ತು! ಯಾಕೆ? ದೊಡ್ಡ ಮೈದಾನದ ಆ ತುದಿಯಲ್ಲಿ ಯಾರಾದರೂ ಸಿಕ್ಸರ್ ಹೊಡೆದಾಗ ಗಮನಿಸಿ. ಬ್ಯಾಟು ಮೊದಲು ಕಾಣುತ್ತೆ, ಸದ್ದು ಆಮೇಲೆ ಬರುತ್ತೆ. ಬೆಳಕು ಕಣ್ಣು ಮಿಟುಕಿಸುವುದರೊಳಗೆ ಬಂದುಬಿಡುತ್ತೆ, ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ. ನಮ್ಮ ಫೋನು ಒಂದು ಫೋಟೋ ಹಿಡಿದು ಇನ್ನೊಂದು ಹಿಡಿಯುವಷ್ಟರಲ್ಲಿ ಅದು ದಾಟುವುದು ಹೆಚ್ಚುಕಡಿಮೆ ಒಂದು ಸಿಟಿ ಬಸ್ಸಿನ ಉದ್ದ.

ಕಾಂಪೌಂಡ್ ಗೋಡೆ ಆಟದಿಂದ ಮೂರು ಬಸ್ಸಿನಷ್ಟು ದೂರ. ಅಂದರೆ ಕೋಲು ಕೋಲಿಗೆ ತಾಗಿ ಮೂರು ಪುಟ ಆದಮೇಲೆ ಅಲ್ಲಿ 'ಟಕ್' ಕೇಳುತ್ತೆ. ಕಿವಿ ನಂಬಿದ್ದಕ್ಕೆ ಕಣ್ಣಿಗೆ ಮೋಸವಾಯಿತು. ಮತ್ತೆ ಕೋಲು ತಾಗಿದ ಪುಟಗಳನ್ನೇ ನೋಡಿ ಜೋಡಿಸಿದೆ. ಸದ್ದನ್ನು ಮಾತ್ರ ಇಟ್ಟಿಗೆಯ ಫೋನಿನದೊಂದೇ ಉಳಿಸಿಕೊಂಡು, ಮಿಕ್ಕೆರಡರ ಬಾಯಿ ಮುಚ್ಚಿಸಿದೆ.

ಇಷ್ಟಾದ ಮೇಲೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರಬಹುದು. ಕುಣಿಯುವವರು ಗಿರಕ್ಕನೆ ತಿರುಗುವಾಗ ಹಾರಿದರೆ ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ಒಂದು ಗುಟ್ಟು ಹೇಳಲಾ? ಎರಡನೇ ಹಾಡಿನಲ್ಲಿ ಒಬ್ಬಳ ಕೈಯಿಂದ ಕೋಲು ಜಾರಿ ಬಿತ್ತು. ಇಟ್ಟಿಗೆಯ ಫೋನಿನಲ್ಲಿ ಅದು ಎದ್ದು ಕಾಣುತ್ತಿತ್ತು. ಸರಿಯಾಗಿ ಆಗಲೇ ಮಹಡಿಗೆ ಹಾರಿದೆ. ಎಲ್ಲರೂ ಕೂತು ನೋಡುವಾಗ ಆ ಜಾಗ ಬಂತು. ಅವಳು ಉಸಿರು ಬಿಗಿಹಿಡಿದಿದ್ದಳು. ಪರದೆಯ ಮೇಲೆ ದುಂಡಗಿನ ಸುತ್ತು ಮಾತ್ರ ತಿರುಗುತ್ತಿತ್ತು. ಮೆಲ್ಲಗೆ ನನ್ನ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.