ಗಡಿಯಾಚೆಯ ಪ್ರತಿವಾದಿ

ಒಂದು ರಾಜ್ಯದ ನ್ಯಾಯಾಲಯ ಇನ್ನೊಂದು ರಾಜ್ಯದಲ್ಲಿರುವವನನ್ನು ತನ್ನ ಕಟಕಟೆಗೆ ಕರೆಸಬಹುದೆ? ಐವತ್ತು ರಾಜ್ಯಗಳೂ ಬೇರೆಬೇರೆ ನ್ಯಾಯಾಲಯಗಳನ್ನಿಟ್ಟುಕೊಂಡಿರುವ ಅಮೆರಿಕದಲ್ಲಿ ಇದು ಹಳೆಯ ಪ್ರಶ್ನೆ. ನಾನು ಕಾನೂನು ಓದಿದವನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಈ ತೀರ್ಪುಗಳನ್ನು ಕಥೆಗಳಂತೆಯೇ ಓದಿದ್ದೇನೆ.

ಮೊದಲನೆಯ ಕಥೆ ಒರೆಗಾನ್ ರಾಜ್ಯದ್ದು. ಮಾರ್ಕಸ್ ನೆಫ್ ಎಂಬವನಿಂದ ಮುನ್ನೂರು ಡಾಲರಿಗೂ ಕಡಮೆಯ ಶುಲ್ಕ ಬಾಕಿಯಿದೆಯೆಂದು ಮಿಚೆಲ್ ಎಂಬ ವಕೀಲ ದಾವೆ ಹೂಡಿದ. ನೆಫ್ ಆ ರಾಜ್ಯದಲ್ಲಿರಲಿಲ್ಲ. ಪತ್ರಿಕೆಯೊಂದರಲ್ಲಿ ಆರು ವಾರ ಪ್ರಕಟಣೆ ಹೊರಟಿತು, ಉತ್ತರ ಬರಲಿಲ್ಲ. 1866ರಲ್ಲಿ ಏಕಪಕ್ಷೀಯ ತೀರ್ಪಾಗಿ, ಅವನ ಜಮೀನು ಹರಾಜಿಗೆ ಬಂದಿತು. ಕೊಂಡವನು ಆ ವಕೀಲನೇ! ಅವನಿಂದ ಅದು ಪೆನಾಯರ್ ಎಂಬವನ ಕೈಸೇರಿತು. ವಕೀಲ ಮುಂದೆ ಸೆನೆಟರನೂ ಪೆನಾಯರ್ ಅದೇ ರಾಜ್ಯದ ಗವರ್ನರನೂ ಆದರೆಂದ ಮೇಲೆ ಕಾದಂಬರಿಕಾರನಿಗೆ ಹೆಚ್ಚಿನ ಕೆಲಸ ಉಳಿಯುವುದಿಲ್ಲ. ನೆಫ್ ಮರಳಿ ಬಂದು ಭೂಮಿಯನ್ನು ಕೇಳಿದ. 1878ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಗಡಿಯೊಳಗೆ ಸಮನ್ಸು ಜಾರಿಯಾಗದೆ, ತಾನಾಗಿ ಹಾಜರಾಗದೆ, ಆಸ್ತಿಯೂ ಮೊದಲೇ ಜಪ್ತಿಯಾಗದೆ ಇದ್ದವನನ್ನು ತೀರ್ಪಿನಿಂದ ಕಟ್ಟಿಹಾಕಲಾಗದೆಂದು ಸಾರಿದ ಮೊಕದ್ದಮೆಯಿದು.

ಮನುಷ್ಯನಿಗೆ ಮೈಯುಂಟು, ಅವನು ಎಲ್ಲಿದ್ದಾನೆಂದು ಹೇಳಬಹುದು. ಕಂಪೆನಿಗೆ ಮೈಯೆಲ್ಲಿ? ಸೇಂಟ್ ಲೂಯಿಯ ಪಾದರಕ್ಷೆ ಕಂಪೆನಿಯೊಂದಕ್ಕೆ ವಾಷಿಂಗ್ಟನ್ ರಾಜ್ಯದಲ್ಲಿ ಕಚೇರಿಯಿರಲಿಲ್ಲ. 1937ರಿಂದ 1940ರವರೆಗೆ ಅಲ್ಲಿ ಹನ್ನೊಂದರಿಂದ ಹದಿಮೂರು ಮಾರಾಟಗಾರರಿದ್ದರು. ಅವರ ಚೀಲದಲ್ಲಿ ಮಾದರಿಗೆಂದು ಸಾಮಾನ್ಯವಾಗಿ ಒಂದೇ ಕಾಲಿನ ಜೋಡು! ನಿರುದ್ಯೋಗ ನಿಧಿಗೆ ಹಣ ಕಟ್ಟಿರೆಂದು ರಾಜ್ಯ ಕೇಳಿದಾಗ, ನಾವು ಇಲ್ಲಿ ಇಲ್ಲವೇ ಇಲ್ಲವೆಂದಿತು ಕಂಪೆನಿ. 1945ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಮೈ ಅಲ್ಲಿರಬೇಕಾದುದಿಲ್ಲ; ಆ ರಾಜ್ಯದೊಡನೆ ಕನಿಷ್ಠ ಸಂಬಂಧವಿದ್ದು, ಕರೆಸುವುದು ನ್ಯಾಯಕ್ಕೆ ಹೊಂದಿದರೆ ಸಾಕು. ಅವರು ಸಂಬಂಧವೆಂದದ್ದನ್ನು ನಾನು ನಮ್ಮ ಮಾತಿನಲ್ಲಿ ಋಣವೆನ್ನುತ್ತೇನೆ. ಊರಿನ ಅನ್ನ ಉಂಡವನು ಊರಿನ ಕರೆಗೆ ಓಗೊಡಬೇಕಷ್ಟೆ.

ಆದರೆ ಋಣ ಎಷ್ಟು ದೂರ ಹರಿಯುತ್ತದೆ? ಕುಟುಂಬವೊಂದು 1976ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಔಡಿ ಕಾರನ್ನು ಕೊಂಡು, ಮರುವರ್ಷ ಅರಿಜೋನಕ್ಕೆ ಹೊರಟಿತು. ದಾರಿಯಲ್ಲಿ, ಒಕ್ಲಹೋಮದಲ್ಲಿ, ಹಿಂದಿನಿಂದ ಇನ್ನೊಂದು ಕಾರು ಗುದ್ದಿ ಬೆಂಕಿ ಹೊತ್ತಿತು. ತಾಯಿಯೂ ಇಬ್ಬರು ಮಕ್ಕಳೂ ತೀವ್ರವಾಗಿ ಸುಟ್ಟುಕೊಂಡರು. ಇಂಧನದ ಟ್ಯಾಂಕು ಇಟ್ಟ ರೀತಿಯೇ ದೋಷವೆಂದು ಅವರು ಅಲ್ಲೇ ದಾವೆ ಹೂಡಿದರು. ಮಾರಿದ ಅಂಗಡಿಯೂ ಆ ಸೀಮೆಯ ವಿತರಕನೂ ಒಕ್ಲಹೋಮದಲ್ಲಿ ಯಾವ ವ್ಯಾಪಾರವನ್ನೂ ಮಾಡಿದವರಲ್ಲ. ಕೊಂಡವನು ಕಾರನ್ನು ಒಯ್ದ ಮಾತ್ರಕ್ಕೆ ಅವರನ್ನು ಅಲ್ಲಿಗೆ ಎಳೆಯಲಾಗದೆಂದು 1980ರಲ್ಲಿ ಬಹುಮತದ ತೀರ್ಪಾಯಿತು. ಚಕ್ರ ಉರುಳಿದಲ್ಲೆಲ್ಲ ಅಂಗಡಿಯವನು ಉತ್ತರಿಸಬೇಕೆಂದರೆ ವ್ಯಾಪಾರ ನಡೆಯದು, ನಿಜ. ಆದರೂ ನನ್ನ ಮನಸ್ಸು ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೆನನ್ ಅವರ ಕಡೆಗೇ ವಾಲುತ್ತದೆ. ಕಾರನ್ನು ಯಾರಾದರೂ ಮನೆಯ ಮುಂದೆ ನಿಲ್ಲಿಸಿಡಲೆಂದು ಮಾರುತ್ತಾರೆಯೆ? ಸುಟ್ಟ ಗಾಯದವರು ಸಾವಿರಾರು ಮೈಲಿ ಹಿಂದಿರುಗುವುದು ಸುಲಭವೋ, ಅಂಗಡಿಯವನು ವಕೀಲನನ್ನು ಕಳುಹಿಸುವುದು ಸುಲಭವೋ?

2021ರಲ್ಲಿ ಫೋರ್ಡ್ ಕಂಪೆನಿಯೂ ಇಂಥದೇ ವಾದ ಹೂಡಿತು. ಮೊಂಟಾನದಲ್ಲಿ ಅಪಘಾತಕ್ಕೀಡಾದ ಕಾರನ್ನು ಅದು ಮೊದಲು ಮಾರಿದ್ದು ವಾಷಿಂಗ್ಟನ್ ರಾಜ್ಯದಲ್ಲಿ. ಆದರೆ ಮೊಂಟಾನದಲ್ಲಿಯೂ ಅದೇ ಬಗೆಯ ಕಾರಿಗೆ ಜಾಹೀರಾತು, ಮಾರಾಟ, ದುರಸ್ತಿ ಎಲ್ಲವನ್ನೂ ನಡೆಸುತ್ತಿದ್ದವರು ಅಲ್ಲಿಯೇ ಉತ್ತರಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ನ್ಯೂಯಾರ್ಕಿನ ಆ ಅಂಗಡಿಯಂಥವರಿಗೆ ಮಾತ್ರ 1980ರ ರಕ್ಷೆ ಹಾಗೆಯೇ ಉಳಿದಿದೆ.